ಬಲು ದೂರದ ಮಸೂರ

ಪತ್ರಿಕೆಯವರು ಬಿಟ್ಟಿದ್ದು ಒಂದೇ ಒಂದು ಶಬ್ದ. ಅದೊಂದು ಇದ್ದಿದ್ದರೆ ಕಾಶೀರಾಮ ಆ ಐತವಾರ ಮುಂಜಾನೆ ಸುಮ್ಮನೆ ಬಸ್ಸು ಹತ್ತಿ ಔರಾದಿಗೆ ಹೋಗಿ, ಹೆಂಡತಿಯ ಎದುರು ತಲೆ ತಗ್ಗಿಸಿ ನಿಂತು, ಬೈಸಿಕೊಂಡು ಬರುತ್ತಿದ್ದ. ಬೈಗುಳ ಗಂಡ ಹೆಂಡಿರ ನಡುವೆಯೇ ಉಳಿಯುತ್ತಿತ್ತು. ಶಬ್ದ ಬಿಟ್ಟುಹೋದದ್ದರಿಂದ ಅದನ್ನು ಕೇಳಲು ಭಾಲ್ಕಿಯ ಅರ್ಧ ಸಂತೆಯೇ ಅವನ ಜೊತೆ ಹೋಗಬೇಕಾಯಿತು.

ಕಾಶೀರಾಮ ಬೀದರಿನ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ. ಸಂಜೆ ಮನೆಗೆ ಬಂದವನೇ ಕಂಪ್ಯೂಟರಿನ ಮುಂದೆ ಕೂತುಬಿಡುತ್ತಿದ್ದ. ದೊಡ್ಡ ದುರ್ಬೀನುಗಳು ತೆಗೆದ ಆಕಾಶದ ಚಿತ್ರಗಳು ಲೆಕ್ಕವಿಲ್ಲದಷ್ಟಿವೆ. ಎಲ್ಲವನ್ನೂ ನೋಡಲು ವಿಜ್ಞಾನಿಗಳಿಗೆ ಪುರುಸೊತ್ತಿಲ್ಲ. ಹಾಗಾಗಿ ಅವನ್ನು ಇಂಟರ್‌ನೆಟ್ಟಿನಲ್ಲಿ ಹಾಕಿ, ಆಸಕ್ತಿಯಿದ್ದವರು ನೋಡಿ ಗುರುತು ಹಾಕಿರಿ ಎಂದು ಕೇಳುತ್ತಾರೆ. ಕಾಶೀರಾಮನಿಗೆ ಆಸಕ್ತಿ ಇತ್ತು. ಎಷ್ಟಿತ್ತೆಂದರೆ, ಅನ್ನದ ತಟ್ಟೆ ಎಡಗೈಯಲ್ಲಿ, ಮೌಸು ಬಲಗೈಯಲ್ಲಿ ಹಿಡಿದು, ಊಟ ಹೇಗೆ ಮಾಡಬೇಕೆಂದು ತೋಚದೆ ಕೂತದ್ದೂ ಉಂಟು.

ಹೋದ ವಾರ ಅವನ ಖಾತೆಗೊಂದು ಮೇಲ್ ಬಂದಿತ್ತು. ಅವನು ಗುರುತು ಹಾಕಿದ ಒಂದು ಚಿತ್ರದ ಮೂಲೆಯಲ್ಲಿರುವ ಮಸುಕು ಚುಕ್ಕೆ ಒಂದು ನಕ್ಷತ್ರಪುಂಜವಂತೆ. ಬಹಳ ದೂರದ್ದು. ಈವರೆಗೆ ಯಾರೂ ದಾಖಲಿಸಿದಂತಿಲ್ಲ, ಅಭಿನಂದನೆಗಳು, ಎಂದು ಬರೆದಿದ್ದರು. ಕೆಲವು ನಕ್ಷತ್ರಪುಂಜಗಳಿಗೆ ಸುರುಳಿ ಸುರುಳಿಯಾದ ತೋಳುಗಳಿರುತ್ತವೆ, ಕೆಲವು ಮೊಟ್ಟೆಯಂತಿರುತ್ತವೆ. ಇದು ಎರಡರ ನಡುವಿನ ಜಾತಿ: ನಡುವೆ ಉಬ್ಬಿ ಅಂಚಿಗೆ ತೆಳ್ಳಗಾದ, ತೋಳಿಲ್ಲದ, ಮಸೂರದ ಕಾಳಿನಾಕಾರದ 'ಮಸೂರ ನಕ್ಷತ್ರಪುಂಜ'. ನೂರಾರು ಚಿತ್ರ ನೋಡುವ ಕಾಶೀರಾಮನಿಗೆ ಇದನ್ನು ಯಾವತ್ತು ನೋಡಿದೆನೆಂಬುದು ನೆನಪಾಗಲಿಲ್ಲ. ಆದರೂ ಎದ್ದು ನಿಂತು, "ಆಮ್ರಪಾಲೀ, ಇಲ್ಲಿ ಬಾ!" ಎಂದು ಕೂಗಿದ.

ಯಾರೂ ಬರಲಿಲ್ಲ. ಆಮ್ರಪಾಲಿ ತವರಿಗೆ ಹೋಗಿ ಆಗಲೇ ಕೆಲವು ದಿನಗಳಾಗಿದ್ದವು.

ಯಾಕೆ ಹೋದಳೆಂಬುದು ಅವನಿಗೆ ಗೊತ್ತಿರಲಿಲ್ಲ. ಒಂದು ದಿನ ಕಾಲೇಜಿನಿಂದ ಬಂದರೆ ಬಾಗಿಲಿಗೆ ಬೀಗ. ಹಿಂದಿನ ಸಂಜೆ ಅವಳು ಕುರ್ಚಿಯ ಪಕ್ಕ ನಿಂತು ಬಹಳ ಹೊತ್ತು ಏನೋ ಹೇಳಿದ್ದಳು, ತಾನು ಪರದೆಯಿಂದ ಕಣ್ಣು ತೆಗೆಯದೆ ತಲೆಯಾಡಿಸಿದ್ದೆ ಎಂಬುದಷ್ಟೇ ನೆನಪು. ಕೇಳೋಣವೆಂದರೆ ಪಕ್ಕದ ಮನೆಯ ಕುಲಸುಮಬೀಯೂ ಆಗ ಕಮಠಾಣದ ಮಗಳ ಮನೆಗೆ ಹೋಗಿದ್ದಳು. ಸಿಟ್ಟಾಗಿಯೇ ಹೋಗಿದ್ದಾಳೆ, ಇನ್ನೇನು, ಎಂದು ಕಾಶೀರಾಮ ತೀರ್ಮಾನಿಸಿದ. ಅವಳ ಫೋನು ಬಂದಾಗ ಎತ್ತುವ ಧೈರ್ಯವಾಗಲಿಲ್ಲ. 'ಕ್ಲಾಸಿನಲ್ಲಿದ್ದೇನೆ' ಎಂದು ಮೆಸೇಜು ಹಾಕಿದ. ಸಂಜೆ ಮತ್ತೆ ಬಂತು. ಆಗಲೂ ಕ್ಲಾಸಿನಲ್ಲಿದ್ದೇನೆ ಎಂದ. ಆಮೇಲೆ ಫೋನು ನಿಂತಿತು.

ಈಗ ಅವನ ಕೈಯಲ್ಲಿ ಒಂದು ನಕ್ಷತ್ರಪುಂಜವಿತ್ತು. ಅಂಕಿಗಳ ಅಧಿಕೃತ ಹೆಸರು ಆಮೇಲೆ ಬರಬೇಕು. ಆದರೆ ಕಂಡವರು ಅದಕ್ಕೊಂದು ಮುದ್ದಿನ ಹೆಸರು ಇಡುವುದು ಆ ಬಳಗದವರ ರೂಢಿ. 'ಆಮ್ರಪಾಲಿ' ಎಂದು ಇಡಬೇಕು, ಐತವಾರ ಔರಾದಿಗೆ ಹೋಗಿ ಅವಳೆದುರು ನಿಂತು ಹೇಳಬೇಕು ಎಂದು ಅವನು ನಿಶ್ಚಯಿಸಿದ. ಸೀರೆ ಕೊಟ್ಟು ಹೆಂಡತಿಯನ್ನು ಒಲಿಸಿಕೊಂಡವರಿದ್ದಾರೆ. ಕೋಟಿ ಕೋಟಿ ಸೂರ್ಯರನ್ನು ಕೊಟ್ಟವರು ಬೀದರ ಜಿಲ್ಲೆಯಲ್ಲಂತೂ ಇರಲಾರರು.

ತಪ್ಪಾದದ್ದು ಸುದ್ದಿಯನ್ನು ಸಹೋದ್ಯೋಗಿ ಒವೈಸನಿಗೆ ಹೇಳಿದ್ದು. ಒವೈಸ ಅದನ್ನು ಸ್ಥಳೀಯ ಪತ್ರಿಕೆಯೊಂದಕ್ಕೆ ಕಳಿಸಿಬಿಟ್ಟ.

ಐತವಾರ ಬೆಳಗ್ಗೆ ಕಾಶೀರಾಮ ಇಸ್ತ್ರಿ ಮಾಡಿದ ಅಂಗಿ ತೊಡುತ್ತಿದ್ದಾಗ ಕುಲಸುಮಬೀ ಒಂದು ಕೈಯಲ್ಲಿ ಪತ್ರಿಕೆ, ಇನ್ನೊಂದು ಕೈಯಲ್ಲಿ ಸ್ಟೀಲಿನ ಬಟ್ಟಲು ಹಿಡಿದು ಒಳಗೆ ಬಂದಳು.

"ಬೇಟಾ, ನಿನಗ ಹೊಸಾ ಮಸೂರ ಸಿಕ್ಕದಂತ! ನಮಗ ಒಂದು ಮಾತರ ಹೇಳಬಾರದೇನು? ಇದ್ರಾಗ ಒಂದೀಟು ಹಾಕು, ಇವತ್ತ ದಾಲ್ ಮಾಡಿ ನೋಡ್ತೇನಿ."

ಕಾಶೀರಾಮ ಪತ್ರಿಕೆ ಕಸಿದುಕೊಂಡು ಓದಿದ. 'ಬೀದರ ಉಪನ್ಯಾಸಕರಿಂದ ಹೊಸ ಮಸೂರ ಪತ್ತೆ. ಇದು ಅತಿ ದೂರದ್ದು ಹಾಗೂ ಅತಿ ಮಸುಕಾದದ್ದು ಎಂದು ವಿಜ್ಞಾನಿಗಳು ತಿಳಿಸಿದ್ದಾರೆ.' ಕೆಳಗೆ ಅವನ ಫೋಟೊ. ಫೋಟೊ ಕೂಡ ಮಸುಕಾಗಿತ್ತು.

ಒವೈಸನಿಗೆ ಫೋನು ಹಚ್ಚಿದ. "ಜಾಗಾ ಕಡಿಮಿ ಬಿತ್ತಂತ್ರಿ ಸರ್," ಎಂದ ಒವೈಸ. "ಮಸೂರದ ಮುಂದಿನ 'ನಕ್ಷತ್ರಪುಂಜ' ಒಂದೇ ಶಬ್ದ ಹಾರ್ಯಾದ. ಉಳಿದದ್ದೆಲ್ಲಾ ಬರೋಬರಿ ಅದ ನೋಡ್ರಿ."

"ಚಾಚಿ, ಅದು ತಿನ್ನೋ ಮಸೂರ ಅಲ್ರಿ," ಎಂದು ಕಾಶೀರಾಮ ಕುಲಸುಮಬೀಗೆ ಹೇಳಿದ. "ಆಕಾಶದಾಗ ಇರೂದು."

ಕುಲಸುಮಬೀ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ಮುಖದ ಮೇಲೆ ಮರುಕ ಮೂಡಿತು. "ಮನ್ಯಾಗ ಹೆಂಗಸರು ಇಲ್ಲಂದ್ರ ಹಿಂಗೇ ಆಗ್ತದ. ಬೇಟಿ ಯಾವಾಗ ಬರ್ತಾಳ?"

"ಅದಕ್ಕೇ ಔರಾದಕ್ಕ ಹೊಂಟೀನ್ರಿ."

"ಒಬ್ಬನೇ ಹೋಗಬ್ಯಾಡ. ನಿನಗ ಮಾತಾಡ್ಲಿಕ್ಕ ಬರಲ್ಲ. ರೀ, ಇಲ್ಲಿ ಬರ್ರಿ!" ಎಂದು ಗೋಡೆಯ ಕಡೆಗೆ ಮುಖ ಮಾಡಿ ಕೂಗಿದಳು. ಗೋಡೆಯ ಆಚೆಯಿಂದ ಅವಳ ಗಂಡ ಗುಲಾಮ ರಸೂಲ ಟೋಪಿ ಹಾಕಿಕೊಂಡೇ ಬಂದ. ಜೀವನವಿಡೀ ಸರಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಎಲ್ಲಿಗಾದರೂ ಹೊರಡು ಎಂದರೆ ಎಲ್ಲಿಗೆ ಎಂದು ಕೇಳುವವನಲ್ಲ.

ಇಬ್ಬರೂ ಬಾಗಿಲು ದಾಟುವಷ್ಟರಲ್ಲಿ ಬಿಳಿ ಕಾರೊಂದು ಬಂದು ನಿಂತಿತು. ಅದರಿಂದ ದಪ್ಪ ಮೀಸೆಯ, ತೆಳ್ಳಗಿನ ಮನುಷ್ಯನೊಬ್ಬ ಇಳಿದು ಕಾಶೀರಾಮನ ಎರಡೂ ಕೈ ಹಿಡಿದುಕೊಂಡ. "ನಾ ಅಮಿತಕುಮಾರ್ರಿ, ಭಾಲ್ಕಿ. ನಮ್ದು ಬೀಜದ ಅಂಗಡಿ. ನಿಮ್ಮ ಸುದ್ದಿ ಓದಿ ನಮ್ಮ ರೈತರೆಲ್ಲಾ ಅಂಗಡಿ ಮುಂದ ಕೂಡ್ಲತ್ತಾರ. ಶಾಮಿಯಾನಾ ಹಾಕಸೀನಿ. ನೀವು ಬಂದು ಎರಡು ಮಾತು ಹೇಳ್ಬೇಕು."

"ಅದು ಹಂಗಲ್ರಿ, ಅದೂ..."

"ಭಾಳ ಸಾದಾ ಮನಷ್ಯಾರಿ ನೀವು! ಕುಂದರ್ರಿ, ಕುಂದರ್ರಿ."

"ನಾ ಔರಾದಕ್ಕ ಹೋಗ್ಬೇಕ್ರಿ."

"ಭಾಲ್ಕಿಯಿಂದ ಔರಾದಕ್ಕ ನಾನೇ ಬಿಡ್ತೇನಿ!"

ಕಾಶೀರಾಮ ಬಾಯಿ ತೆರೆದ. ಅಷ್ಟರಲ್ಲಿ ಗುಲಾಮ ರಸೂಲ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಾಗಿತ್ತು. ಬಸ್ಸಿಗಿಂತ ಕಾರು ಮೇಲು ಎಂಬುದು ಅವನ ಅನುಭವದ ಮಾತು.

ದಾರಿಯುದ್ದಕ್ಕೂ ಅಮಿತಕುಮಾರ ಪ್ರಶ್ನೆ ಕೇಳಿದ, ಗುಲಾಮ ರಸೂಲ ಇಲ್ಲದ ಬ್ರೇಕು ಒತ್ತಿದ.

"ಎಲ್ಲಿ ಸಿಕ್ತ್ರಿ ಸರ್, ಈ ಮಸೂರ?"

"ಒಂದು ಮೂಲ್ಯಾಗ ಇತ್ರಿ. ಭಾಳ ದೂರ."

"ಎಷ್ಟು ದೂರ? ಉದಗೀರದ ಆಚೀಗೆ?"

"ಅದರ ಬೆಳಕು ಇಲ್ಲಿಗಿ ಬರಲಿಕ್ಕ ಕೋಟ್ಯಂತರ ವರ್ಷ ಬೇಕ್ರಿ."

ಅಮಿತಕುಮಾರ ಮನಸ್ಸಿನಲ್ಲೇ ಲಾರಿಯ ದಾರಿ ಅಳೆದ. "ಹಂಗಾದ್ರ ಬೀಜ ತರಸೂದು ಭಾಳ ತ್ರಾಸ ಆಗ್ತದಲ್ರಿ. ಹೋಗಲಿ, ಬಣ್ಣ ಹ್ಯಾಂಗದ? ಕೆಂಪೋ, ಕಂದೋ?"

"ಮಸುಕ ಅದ್ರಿ. ಕಾಣೂದೇ ಇಲ್ಲ."

"ಏ ಭಾಯಿ, ಎದುರಿಗಿ ಎಮ್ಮಿ ಅದ!" ಎಂದು ಗುಲಾಮ ರಸೂಲ ಕೂಗಿದ. ಕಾರು ಹಲಬರ್ಗಾದ ಹತ್ತಿರ ಎಮ್ಮೆಯನ್ನು ಬಳಸಿ ಮುಂದೆ ಹೋಯಿತು. ಮಸೂರದ ಮಾತು ಅಲ್ಲಿಗೇ ನಿಂತು, ಎಮ್ಮೆಗಳ ಬಗ್ಗೆ, ಈಗಿನವರ ಡ್ರೈವಿಂಗ್ ಬಗ್ಗೆ ಮಾತು ಸುರುವಾಯಿತು. ಕಾಶೀರಾಮ ಹಿಂದಿನ ಸೀಟಿನಲ್ಲಿ ಕೂತು, ನಿಜ ಹೇಳುವುದಕ್ಕೆ ಸರಿಯಾದ ಜಾಗ ಹುಡುಕುತ್ತ ಭಾಲ್ಕಿಯವರೆಗೂ ಹೋದ.

ಭಾಲ್ಕಿಯಲ್ಲಿ ಶಾಮಿಯಾನಾ ತುಂಬಿತ್ತು. ಕುರ್ಚಿ ಸಾಲದವರು ಗೊಬ್ಬರದ ಚೀಲಗಳ ಮೇಲೆ ಕೂತಿದ್ದರು. ಕಾಶೀರಾಮ ಕಾರಿನಿಂದ ಇಳಿದೊಡನೆ ಕೊರಳಿಗೆ ಹಾರ ಬಿತ್ತು, ಹೆಗಲಿಗೆ ಶಾಲು ಬಿತ್ತು, ಕೈಗೆ ಮೈಕು ಬಂತು. ಮದುವೆಯ ದಿನವೂ ಅವನಿಗೆ ಇಷ್ಟು ಬೇಗ ಇಷ್ಟೆಲ್ಲ ಆಗಿರಲಿಲ್ಲ.

"ನಮ್ಮ ಕಡಿ ತೊಗರಿ, ಉದ್ದು, ಹೆಸರು ಆತ್ರಿ," ಎಂದು ಮುಂದಿನ ಸಾಲಿನ ಹಾವಗೆಪ್ಪ ಎಂಬ ಹಿರಿಯರು ಎದ್ದು ನಿಂತರು. "ಮಸೂರ ಯಾರೂ ಅಷ್ಟು ಹಚ್ಚಲ್ಲ. ನಿಮ್ಮದು ಯಾವ ನೆಲಕ್ಕ ಬರ್ತದ, ಹೇಳ್ರಿ."

ಕಾಶೀರಾಮ ಮೈಕಿನಲ್ಲಿ ಕೆಮ್ಮಿದ. ಕೆಮ್ಮು ಊರಿಗೆಲ್ಲ ಕೇಳಿತು.

"ಅದು ನೆಲಕ್ಕ ಬರಲ್ರಿ."

ಎಲ್ಲರೂ ಮುಖ ಮುಖ ನೋಡಿಕೊಂಡರು.

"ಅದು ಕಾಳಲ್ರಿ. ನಕ್ಷತ್ರ. ನಕ್ಷತ್ರಗಳ ದೊಡ್ಡ ಗುಂಪು. ನೋಡ್ಲಿಕ್ಕ ಮಸೂರದ ಕಾಳಿನಂಗ ಕಾಣ್ತದಂತ ಹಂಗ ಅಂತಾರ. ಪೇಪರಿನವರು ಒಂದು ಶಬ್ದ ಬಿಟ್ಟಾರ. ತಪ್ಪಾತ್ರಿ. ನಾ ಮುಂಜಾನಿಂದ ಹೇಳ್ಬೇಕಂತ ಮಾಡೀನಿ, ಯಾರೂ ಬಿಡ್ಲಿಲ್ಲ."

ಅಮಿತಕುಮಾರನ ಮೀಸೆ ಜೋಲುಬಿದ್ದಿತ್ತು. ಗುಲಾಮ ರಸೂಲನಿಗೆ ಇದನ್ನು ತಡೆಯಲಾಗಲಿಲ್ಲ. ಅವನು ಎದ್ದು, "ಖರೇ ಅದ್ರಿ! ಬೀದರದಾಗ ಇಷ್ಟು ಮಂದಿ ಹುಟ್ಯಾರ, ಸತ್ತಾರ, ಆಕಾಶದಾಗ ಮಸೂರ ಹುಡುಕ್ದಂವ ನಮ್ಮ ಸರ್ ಒಬ್ಬರೇ!" ಎಂದು ಘೋಷಿಸಿದ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗು ಹಿಂದಿನಿಂದ ಮುಂದಕ್ಕೆ ಹರಡಿ, ಗೊಬ್ಬರದ ಚೀಲದ ಮೇಲೆ ಕೂತಿದ್ದವನೊಬ್ಬ ಜಾರಿ ಕೆಳಗೆ ಬಿದ್ದ.

ಹಾವಗೆಪ್ಪನವರು ಮಾತ್ರ ನಗಲಿಲ್ಲ. "ಅಲ್ರಿ ಮಾಸ್ತರ, ಬಿತ್ತಲಿಕ್ಕ ಬರಲ್ಲ, ತಿನ್ನಲಿಕ್ಕ ಬರಲ್ಲ, ಮುಟ್ಟಲಿಕ್ಕೂ ಬರಲ್ಲ. ಮತ್ತ ಅದನ್ನ ಹುಡುಕಿ ಏನ್ ಮಾಡ್ತೀರಿ?"

ಕಾಲೇಜಿನಲ್ಲಿ ಹುಡುಗರು ಹೀಗೆ ಕೇಳಿದಾಗ ಕಾಶೀರಾಮನ ಬಳಿ ಒಳ್ಳೆಯ ಉತ್ತರಗಳಿರುತ್ತಿದ್ದವು. ಈಗ ಬಾಯಿಗೆ ಬಂದದ್ದು ಬೇರೆಯೇ.

"ಮನಿಯಾಕಿ ಹೆಸರು ಇಡ್ಬೇಕಂತ ಮಾಡೀನ್ರಿ," ಎಂದ. "ಆಕಿ ಸಿಟ್ಟಾಗಿ ತವರಿಗಿ ಹೋಗ್ಯಾಳ. ಅದಕ್ಕೇ ಔರಾದಕ್ಕ ಹೊಂಟಿದ್ದೆ."

ಮೈಕು ಇನ್ನೂ ಅವನ ಕೈಯಲ್ಲೇ ಇತ್ತು. ಭಾಲ್ಕಿಯ ಆ ಬೀದಿಯಲ್ಲಿ ಅಂಗಡಿ ತೆರೆದವರು, ಸಾಮಾನು ಕೊಳ್ಳಲು ಬಂದವರು, ಚಹಾ ಕುಡಿಯುತ್ತಿದ್ದವರು ಎಲ್ಲರೂ ಕೇಳಿಸಿಕೊಂಡರು. ಮಸೂರದ ವಿಷಯ ಯಾರಿಗೂ ತಿಳಿದಿರಲಿಲ್ಲ. ಇದು ಎಲ್ಲರಿಗೂ ತಿಳಿಯಿತು.

"ಹಿಂಗೇನು!" ಎಂದರು ಹಾವಗೆಪ್ಪನವರು, ಒಮ್ಮೆಗೇ ಮೆತ್ತಗಾಗಿ. "ಇದನ್ನ ಮೊದಲೇ ಹೇಳೂದಲ್ಲೇನು? ಹೊಡದಿರೇನು?"

"ಛೇ, ಇಲ್ರಿ!"

"ಕುಡೀತೀರೇನು?"

"ಇಲ್ರಿ. ಬರೇ ನಕ್ಷತ್ರ ನೋಡ್ತೇನಿ."

"ಅದು ಕುಡಿಯೂದಕ್ಕಿಂತ ಕೆಟ್ಟದ್ದು," ಎಂದಳು ಹೆಂಗಸೊಬ್ಬಳು. "ಕುಡಿದಂವಾ ಮುಂಜಾನಿಗರ ಮನಿಯವರ ಮಾರಿ ನೋಡ್ತಾನ."

ಒಬ್ಬೊಬ್ಬರು ಒಂದೊಂದು ಉಪಾಯ ಹೇಳತೊಡಗಿದರು. ಹೂವು ಒಯ್ಯಬೇಕೆಂದು ಒಬ್ಬರು, ಅತ್ತೆಗೆ ಮೊದಲು ನಮಸ್ಕಾರ ಮಾಡಬೇಕೆಂದು ಇನ್ನೊಬ್ಬರು, ಅಳಬೇಕೆಂದು ಮತ್ತೊಬ್ಬರು. ಕಾಶೀರಾಮ ನಾಚಿಕೆಯಿಂದ ಶಾಲು ತೆಗೆದು ಮರಳಿಸಲು ಹೋದ. ಅಮಿತಕುಮಾರ ಅದನ್ನು ತಿರುಗಿ ಅವನ ಹೆಗಲಿಗೇ ಹೊದಿಸಿ, ಕಾರಿನ ಕೀಲಿ ತೆಗೆದ.

"ಮಾತು ಕೊಟ್ಟೀನಲ್ರಿ, ಬಿಡ್ತೇನಿ ಅಂತ," ಎಂದ. ಆಮೇಲೆ ದನಿ ತಗ್ಗಿಸಿ, "ನಮ್ಮಾಕಿನೂ ಒಮ್ಮಿ ಹಿಂಗೇ ಹೋಗಿದ್ಳು ಸರ್. ನಾ ಒಬ್ಬನೇ ಹೋಗಿದ್ದೆ. ಬಾಗಲಾ ತಗೀಲಿಲ್ಲ. ಮಂದಿ ಇರ್ಬೇಕ್ರಿ, ಮಂದಿ ಇದ್ರ ಮರ್ಯಾದಿಗರ ಬಾಗಲಾ ತಗೀತಾರ," ಎಂದ.

ಮಂದಿಗೆ ಕೊರತೆ ಇರಲಿಲ್ಲ. ಕಾರು ತುಂಬಿತು. ಕಾರಿನ ಹಿಂದೆ ಒಂದು ಟೆಂಪೊ ತುಂಬಿತು. ಕಾಳು ಕೊಳ್ಳಲು ಬಂದವರು ಸಂಸಾರ ಜೋಡಿಸಲು ಔರಾದಿಗೆ ಹೊರಟರು. ಗುಲಾಮ ರಸೂಲ ಟೆಂಪೊದಲ್ಲಿ ಡ್ರೈವರನ ಪಕ್ಕ ಕೂತು, ಯಾವ ತಿರುವಿನಲ್ಲಿ ಯಾವ ಗೇರು ಎಂಬುದನ್ನು ಹೇಳುತ್ತ ಬಂದ.

ಔರಾದಿನ ಆ ಓಣಿಗೆ ಕಾರು, ಟೆಂಪೊ ಎರಡೂ ಒಟ್ಟಿಗೆ ನುಗ್ಗಿದಾಗ ಮಧ್ಯಾಹ್ನದ ಊಟದ ಹೊತ್ತು. ಕಾಶೀರಾಮನ ಅತ್ತೆ ಕಸ್ತೂರಿಬಾಯಿ ಹೊಸ್ತಿಲಲ್ಲಿ ನಿಂತಿದ್ದರು. ಅವರ ಕಣ್ಣಿಗೆ ದೊಡ್ಡ ಕಪ್ಪು ಕನ್ನಡಕ. ಅಳಿಯನ ಕೊರಳಲ್ಲಿ ಹಾರ, ಹೆಗಲಲ್ಲಿ ಶಾಲು, ಹಿಂದೆ ಪೇಟದ ಹಿರಿಯರು, ಅವರ ಹಿಂದೆ ಒಂದು ಟೆಂಪೊ ಜನ. ಅವರು ಒಂದು ಗಳಿಗೆ ನೋಡಿದರು.

"ಆಮ್ರಾ! ನಿನ್ನ ಗಂಡ ಪಂಚಾಯ್ತಿ ಮಾಡ್ಲಿಕ್ಕ ಊರ ಮಂದೀನ ಕರಕೊಂಡು ಬಂದಾನ!" ಎಂದು ಕೂಗಿ, ಒಳಗೆ ಹೋಗಿ ದಡಕ್ಕನೆ ಬಾಗಿಲು ಹಾಕಿಕೊಂಡರು.

ಮಂದಿ ಇದ್ದರೆ ಬಾಗಿಲು ತೆಗೆಯುತ್ತಾರೆ ಎಂದಿದ್ದ ಅಮಿತಕುಮಾರ ಕಾರಿನ ಗಾಜು ಒರೆಸತೊಡಗಿದ. ಅಕ್ಕಪಕ್ಕದ ಮನೆಗಳ ಬಾಗಿಲುಗಳು ಮಾತ್ರ ಒಂದೊಂದಾಗಿ ತೆರೆದವು.

"ಮಾತಾಡು ಬೇಟಾ," ಎಂದು ಗುಲಾಮ ರಸೂಲ ಬೆನ್ನಿಗೆ ತಿವಿದ.

ಕಾಶೀರಾಮ ಮುಚ್ಚಿದ ಬಾಗಿಲಿನ ಮುಂದೆ ನಿಂತ. ಬಣ್ಣ ಮಾಸಿದ ಹಸಿರು ಬಾಗಿಲು. ಅದರ ಆಚೆ ಅವಳ ಬಳೆಯ ಸದ್ದು ಕೇಳಿತು. ಆ ಸದ್ದು ಇಲ್ಲದ ಮನೆ ಇಷ್ಟು ದಿನ ಹೇಗಿತ್ತೆಂಬುದು ಅವನಿಗೆ ಆಗ ಹೊಳೆಯಿತು.

"ಆಮ್ರಪಾಲಿ," ಎಂದ. "ಪಂಚಾಯ್ತಿ ಅಲ್ಲ. ನನಗ ಆಕಾಶದಾಗ ಒಂದು ಸಿಕ್ಕದ. ಭಾಳ ದೂರ ಅದ. ಅದಕ್ಕ ನಿನ್ನ ಹೆಸರು ಇಡ್ತೇನಿ. ಮನಿಗಿ ಬಾ. ನಿನಗ ಏನು ಸಿಟ್ಟು ಬಂದದ ಗೊತ್ತಿಲ್ಲ, ಆದ್ರ ತಪ್ಪು ನಂದೇ ಅದ."

ಹಾವಗೆಪ್ಪನವರು ಪೇಟದ ತುದಿಯಿಂದ ಕಣ್ಣೊರೆಸಿಕೊಂಡರು.

ಬಾಗಿಲು ತೆರೆಯಿತು. ಆಮ್ರಪಾಲಿಯ ಕೈಯಲ್ಲಿ ಕಣ್ಣಿಗೆ ಹಾಕುವ ಔಷಧದ ಸಣ್ಣ ಬಾಟಲಿ ಇತ್ತು. ಅವಳು ಗಂಡನನ್ನು ನೋಡಿದಳು, ಹಾರ ನೋಡಿದಳು, ಟೆಂಪೊ ನೋಡಿದಳು.

"ಯಾರು ಸಿಟ್ಟಾಗ್ಯಾರ್ರಿ? ಅವ್ವಂದು ಕಣ್ಣಿನ ಆಪರೇಷನ್ ಅದ, ಆಕಿ ಆರಾಮ ಆಗೂತನಕ ಇದ್ದು ಬರ್ತೇನಿ ಅಂತ ನಿಮ್ಮ ಬಾಜೂಕೇ ನಿಂತು ಹೇಳೀನಿ. ನೀವು ತಲಿ ಆಡ್ಸಿದ್ರಿ. ಆತು, ಹೋಗು, ಅಂದ್ರಿ."

ಗುಂಪಿನ ಕಣ್ಣುಗಳೆಲ್ಲ ಬಾಗಿಲಿನಿಂದ ಕಾಶೀರಾಮನ ಕಡೆಗೆ ತಿರುಗಿದವು.

"ಫೋನ್ ಮಾಡಿದ್ರ ಐತವಾರನೂ ಕ್ಲಾಸ್ ಅಂದ್ರಿ," ಎಂದು ಆಮ್ರಪಾಲಿ ಮುಂದುವರಿಸಿದಳು. "ಆವಾಗ ಸಿಟ್ಟು ಇರ್ಲಿಲ್ಲ. ಈಗ ಬರ್ಲತ್ತದ."

"ಇದು ನೀವು ನಮಗ ಭಾಲ್ಕ್ಯಾಗೇ ಹೇಳ್ಬೇಕಿತ್ರಿ," ಎಂದ ಅಮಿತಕುಮಾರ, ನೊಂದು.

ಕಸ್ತೂರಿಬಾಯಿ ಮಗಳ ಹಿಂದಿನಿಂದ ಕಪ್ಪು ಕನ್ನಡಕ ಹೊರಚಾಚಿ, "ಪಂಚಾಯ್ತಿ ಅಲ್ಲೇನು? ಹಂಗಾದ್ರ ಎಲ್ಲಾರೂ ಉಂಡು ಹೋಗ್ರಿ," ಎಂದರು. ಟೆಂಪೊದವರಿಗೆ ಬೇಕಾದದ್ದೂ ಅದೇ. ಅಂಗಳದಲ್ಲಿ ಚಾಪೆ ಹಾಸಿದರು, ಪಕ್ಕದ ಮನೆಗಳಿಂದ ರೊಟ್ಟಿ ಬಂತು, ಗುಲಾಮ ರಸೂಲ ತಾನೇ ಬಡಿಸಲು ನಿಂತ.

ಆ ಗದ್ದಲದಲ್ಲಿ ಕಾಶೀರಾಮ ಅಡಿಗೆ ಮನೆಯ ಬಾಗಿಲಿಗೆ ಹೋಗಿ ನಿಂತ. ಆಮ್ರಪಾಲಿ ಬೆನ್ನು ತಿರುಗಿಸಿ ಪಲ್ಯ ತೋಡುತ್ತಿದ್ದಳು. ಅವನು ಫೋನು ತೆಗೆದು ಚಿತ್ರ ತೋರಿಸಿದ. ಕಪ್ಪು ಹಿನ್ನೆಲೆಯ ಮೂಲೆಯಲ್ಲಿ ಉಸಿರು ಬಿಟ್ಟ ಕನ್ನಡಿಯ ಕಲೆಯಂಥದ್ದೊಂದು.

"ನೋಡು, ಇದೇ. ಹೆಸರು ಇಡ್ತೇನಿ ಅಂದದ್ದು ಸುಳ್ಳಲ್ಲ."

ಅವಳು ಸೌಟು ಹಿಡಿದೇ ಬಗ್ಗಿ ನೋಡಿದಳು. ನಗು ಬಂತು ಅವಳಿಗೆ.

"ಇದಾ? ಇದು ನಾ ಗುರುತು ಹಾಕಿದ್ದು."

"ಏನಂದಿ?"

"ನೀವು ಕಾಲೇಜಿಗಿ ಹೋದಾಗ ಒಂದು ದಿನ ನಿಮ್ಮ ಕಂಪ್ಯೂಟರ್ ಮುಂದ ಕುಂತೆ. ನನ್ನ ಬಿಟ್ಟು ಯಾರ ಮಾರಿ ನೋಡ್ತಾರ ಇವರು ದಿನಾ, ಅಂತ. ಭಾಳ ಚಂದ ಚಂದ ಇದ್ವು. ನಡುವಿನ ದೊಡ್ಡದನ್ನ ಎಲ್ಲಾರೂ ನೋಡಿದ್ರು. ಮೂಲ್ಯಾಗಿಂದು ಯಾರೂ ನೋಡಿರ್ಲಿಲ್ಲ. ಪಾಪ ಅನ್ನಿಸ್ತು, ಒತ್ತಿದೆ."

ಕಾಶೀರಾಮ ಬಾಗಿಲ ಚೌಕಟ್ಟು ಹಿಡಿದುಕೊಂಡ. ಅಭಿನಂದನೆ, ಪತ್ರಿಕೆ, ಹಾರ, ಶಾಲು ಎಲ್ಲ ಒಂದೊಂದಾಗಿ ಅವನ ಮೈಮೇಲಿಂದ ಜಾರಿಹೋದಂತಾಯಿತು. ಆದರೂ ವಿಚಿತ್ರವೆಂದರೆ, ಅವನಿಗೆ ಸಂಕಟವಾಗಲಿಲ್ಲ. ಅವಳು ತನ್ನ ಕುರ್ಚಿಯಲ್ಲಿ ಒಬ್ಬಳೇ ಕೂತು ಆಕಾಶ ನೋಡಿದ ಆ ಮಧ್ಯಾಹ್ನ ತಾನು ಅಲ್ಲಿರಬೇಕಿತ್ತು ಎಂದಷ್ಟೇ ಅನ್ನಿಸಿತು.

"ಹಂಗಾದ್ರ ನಿನ್ನ ಹೆಸರೇ ಇರಲಿ. ಕಂಡಾಕಿ ನೀನೇ."

"ಒತ್ತಿದ ಕೂಡ್ಲೇ ಹೆಸರು ಕೇಳ್ತು, ಅವತ್ತೇ ಬರೆದು ಕಳಸೀನಿ," ಎಂದಳು ಆಮ್ರಪಾಲಿ. "ಕಾಶೀರಾಮ ಅಂತ."

ಅಂಗಳದಲ್ಲಿ ರೊಟ್ಟಿ ಮುರಿಯುತ್ತಿದ್ದ ಗುಲಾಮ ರಸೂಲನ ಕಿವಿ ಚುರುಕು. "ಸುಭಾನಲ್ಲಾ! ಭಾಯ್ಯೋ, ಆಕಾಶದ ಮಸೂರಕ್ಕ ನಮ್ಮ ಸರ್ ಹೆಸರು! ಮನಿಯವರೇ ಇಟ್ಟಾರ!" ಎಂದು ಕೂಗಿದ. ಅಂಗಳವೆಲ್ಲ ಚಪ್ಪಾಳೆ ತಟ್ಟಿತು. ಅಮಿತಕುಮಾರ ಶಾಲು ತಂದದ್ದು ವ್ಯರ್ಥವಾಗಲಿಲ್ಲವೆಂದು ಮೀಸೆ ತೀಡಿದ.

ಕಾಶೀರಾಮನ ಕಣ್ಣು ತುಂಬಿತು. "ನನ್ನ ಹೆಸರ್ಯಾಕ ಇಟ್ಟಿ?" ಎಂದ, ಅವಳಿಗಷ್ಟೇ ಕೇಳುವಂತೆ.

ಆಮ್ರಪಾಲಿಯೂ ಅವನಿಗಷ್ಟೇ ಕೇಳುವಂತೆ ಹೇಳಿದಳು. "ಮತ್ತ ಯಾರದಿಡ್ಲಿ? ಭಾಳ ದೂರ ಅದ. ಮಸುಕ ಮಸುಕ ಅದ, ಅದನೋ ಇಲ್ಲೋ ತಿಳಿಯಲ್ಲ. ಎಲ್ಲಾನೂ ನಡುವ ಇದ್ರ ತಾನೊಂದೇ ಮೂಲಿ ಹಿಡಿದು ಕುಂತದ. ಬ್ಯಾರೇದಕ್ಕೆಲ್ಲಾ ತೋಳು ಅದಾವ. ಇದಕ್ಕ ಒಬ್ಬರನ್ನ ಹಿಡಕೋಬೇಕಂದ್ರ ಒಂದು ತೋಳೂ ಇಲ್ಲ. ನೋಡಿದ ಕೂಡ್ಲೇ ನಿಮ್ಮದೇ ನೆನಪಾತು ನೋಡ್ರಿ."

ಪಲ್ಯದ ಪಾತ್ರೆ ಅವನ ಕೈಗಿಟ್ಟು, "ಬಡಸ್ಕೋತ ಹೋಗ್ರಿ," ಎಂದಳು.

ಕಾಶೀರಾಮ ಪಲ್ಯ ಹಿಡಿದು ಅಂಗಳಕ್ಕೆ ಬಂದ. ಸಾಲಿನಲ್ಲಿ ಕೂತವರು ಒಬ್ಬೊಬ್ಬರಾಗಿ ತಲೆಯೆತ್ತಿ ಅಭಿನಂದಿಸಿದರು. "ನಸೀಬ ಮಾಡೀರಿ ಮಾಸ್ತರ, ಇಂಥಾಕಿ ಸಿಕ್ಕಾಳ," ಎಂದರು ಹಾವಗೆಪ್ಪನವರು. "ಅಷ್ಟು ಹುಡುಕಿ ನಿಮಗ ಹೋಲೂದನ್ನೇ ಹುಡುಕ್ಯಾಳ ಅಂದ್ರ!"

"ಹೌದ್ರಿ," ಎಂದ ಕಾಶೀರಾಮ, ಅವರ ತಟ್ಟೆಗೆ ಪಲ್ಯ ಹಾಕುತ್ತ. ಇಷ್ಟು ಪ್ರೀತಿಯಿಂದ ಅವನನ್ನು ಈವರೆಗೆ ಯಾರೂ ಬೈದಿರಲಿಲ್ಲ.